ನೆಲವೇ ಡೊಂಕೋ, ಕುಣಿತವೇ ಡೊಂಕೋ: ವೈಲ್ಡ್‌ಫ್ರಾಸ್ಟ್ ಆಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಸೋಮೇಶ್ವರಪುರಂ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ಭಾನುವಾರ ಸಂಜೆ ಸೇರಿ ಆಡುವ ನಮ್ಮದು ಏಳೆಂಟು ಜನರ ಸಣ್ಣ ಗುಂಪು. ಅದರಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಶಿರಾ ಕಡೆಯಿಂದ ಬರುವ ಮೇಷ್ಟರೊಬ್ಬರಿದ್ದಾರೆ, ತಾವು ಆಡದೆ ಪಕ್ಕದಲ್ಲಿ ಕುಳಿತು ಬೇರೆಯವರ ತಪ್ಪನ್ನು ಎತ್ತಿ ತೋರಿಸುವುದನ್ನೇ ಹವ್ಯಾಸ ಮಾಡಿಕೊಂಡ ಇಬ್ಬರು ಹಿರಿಯರೂ ಇದ್ದಾರೆ. ಹೊಸಬರು ಯಾರಾದರೂ ಬಂದು ವೈಲ್ಡ್‌ಫ್ರಾಸ್ಟ್ ಎಂಬ, ಇಸ್ಪೀಟಿನಂಥ ಎಲೆಗಳಿಂದ ಆಡುವ ಕಂಪ್ಯೂಟರ್ ಆಟವನ್ನು ನೋಡಿದಾಗ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲವೂ ಮೊದಲಿನಿಂದ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ಲೇಸೆಂದು ಇದನ್ನು ಬರೆದಿದ್ದೇನೆ.

ವೈಲ್ಡ್‌ಫ್ರಾಸ್ಟ್ ಎಂದರೆ ಎಂಥ ಆಟ?

ಸೂರ್ಯನೇ ಹೆಪ್ಪುಗಟ್ಟಿ, ಲೋಕವೆಲ್ಲ ಹಿಮದಲ್ಲಿ ಮುಳುಗಿ, ಸ್ನೋಡ್ವೆಲ್ ಎಂಬ ಒಂದು ಊರು ಮಾತ್ರ ಉಳಿದಿರುವಲ್ಲಿಂದ ಕಥೆ ಶುರುವಾಗುತ್ತದೆ. ಆಟಗಾರ ಒಬ್ಬ ನಾಯಕನನ್ನು ಆರಿಸಿಕೊಂಡು, ಕೆಲವು ಸಂಗಾತಿಗಳನ್ನೂ ಆಯುಧಗಳನ್ನೂ ಎಲೆಗಳ ರೂಪದಲ್ಲಿ ಕಟ್ಟಿಕೊಂಡು ಹಿಮದ ಮೂಲವನ್ನು ಹುಡುಕುತ್ತಾ ಹೊರಡುತ್ತಾನೆ. ಡೆಡ್‌ಪ್ಯಾನ್ ಗೇಮ್ಸ್ ಮತ್ತು ಗ್ಯಾಜಿಟರ್ ಸೇರಿ ರೂಪಿಸಿದ ಈ ಆಟವನ್ನು ಚಕಲ್‌ಫಿಶ್ ಎಂಬ ಬ್ರಿಟಿಷ್ ಪ್ರಕಾಶನ ಸಂಸ್ಥೆ 2023ರ ಏಪ್ರಿಲ್ 12ರಂದು ಕಂಪ್ಯೂಟರಿಗೂ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೂ ಹೊರತಂದಿತು.

ಅಂಕಣದಲ್ಲಿ ಎರಡೂ ಪಕ್ಷಕ್ಕೆ ಎರಡೆರಡು ಸಾಲು, ಸಾಲಿಗೆ ಮೂರು ಮನೆ. ಪ್ರತಿ ಪಾತ್ರಕ್ಕೂ ಜೀವಬಲ, ಹೊಡೆತದ ಬಲ ಮತ್ತು ಒಂದು ಎಣಿಕೆ ಇರುತ್ತದೆ. ಸರದಿ ಕಳೆದಂತೆ ಎಣಿಕೆ ಒಂದೊಂದೇ ಇಳಿದು, ಸೊನ್ನೆಗೆ ಬಂದಾಗ ಆ ಪಾತ್ರ ತಾನಾಗಿ ಹೊಡೆಯುತ್ತದೆ. ಕೈಯಿಂದ ಒಂದು ಎಲೆ ಬಿಟ್ಟರೆ ಸರದಿ ಮುಗಿಯಿತು. ಆದರೆ ಅಂಕಣದಲ್ಲಿರುವ ಸಂಗಾತಿಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸರಿಸುವುದಕ್ಕೆ ಸರದಿ ಖರ್ಚಾಗುವುದಿಲ್ಲ. ಗಾಯಗೊಂಡವನನ್ನು ಹಿಂದಕ್ಕೆ ಕರೆದು ಬದುಕಿಸಿಕೊಳ್ಳಬಹುದು, ವೈರಿಯ ಮೇಲೆ ಹಿಮ ಎರಚಿ ಅವನ ಎಣಿಕೆಯನ್ನು ತಡೆಹಿಡಿಯಬಹುದು. ನಾಯಕ ಸತ್ತರೆ ಮಾತ್ರ ಅಲ್ಲಿಯವರೆಗಿನ ಯಾತ್ರೆಯೆಲ್ಲ ಮುಗಿದಂತೆ, ಮತ್ತೆ ಊರಿನಿಂದಲೇ ಹೊರಡಬೇಕು.

ಇಸ್ಪೀಟು ಆಡಿ ಬಲ್ಲವರಿಗೆ ಇದು ಸುಲಭವೇ?

ಸುಲಭವಲ್ಲ. ಇಸ್ಪೀಟಿನಲ್ಲಿ 52 ಎಲೆಯ ಕಟ್ಟು ಎಲ್ಲರಿಗೂ ಒಂದೇ, ಬದಲಾಗುವುದು ಕೈ ಮಾತ್ರ. ಈ ಬಗೆಯ ಆಟಗಳಲ್ಲಿ ಕಟ್ಟನ್ನೇ ಆಡುತ್ತಾ ಆಡುತ್ತಾ ಕಟ್ಟಿಕೊಳ್ಳಬೇಕು. ಮೇಜಿನ ಮೇಲೆ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 2008ರ ಡೊಮಿನಿಯನ್. ಪರದೆಯ ಮೇಲೆ ಅದಕ್ಕೆ ಮಾದರಿ ಹಾಕಿಕೊಟ್ಟದ್ದು 2017ರ ನವೆಂಬರಿನಲ್ಲಿ ಅಪೂರ್ಣ ರೂಪದಲ್ಲಿ ಬಂದು 2019ರ ಜನವರಿಯಲ್ಲಿ ಪೂರ್ಣಗೊಂಡ ಸ್ಲೇ ದ ಸ್ಪೈರ್. ವೈಲ್ಡ್‌ಫ್ರಾಸ್ಟ್ ಈ ಎರಡನೆಯದರ ವಂಶದ್ದೇ ಆದರೂ ಅದರಲ್ಲಿ ಇಲ್ಲದ ವ್ಯೂಹರಚನೆಯನ್ನು ಸೇರಿಸಿಕೊಂಡಿದೆ. ಎಲೆಯ ಲೆಕ್ಕ ಗೊತ್ತಿದ್ದವನಿಗೆ ಮನೆಯ ಲೆಕ್ಕವೂ ಗೊತ್ತಿರಬೇಕು. ನಮ್ಮ ಗುಂಪಿನಲ್ಲಿ ಇದನ್ನು ಬೇಗ ಹಿಡಿದವರು ರಮ್ಮಿಯಲ್ಲಿ ಪಳಗಿದವರಲ್ಲ. ಚಿಕ್ಕಂದಿನಲ್ಲಿ ಜಗಲಿಯ ಕಲ್ಲಿನ ಮೇಲೆ ಗೀಟೆಳೆದು ಹುಲಿ-ಕುರಿ ಆಡಿದ್ದ ಮೇಷ್ಟರು. ಯಾವ ಕುರಿಯನ್ನು ಎಲ್ಲಿ ನಿಲ್ಲಿಸಿದರೆ ಹುಲಿಗೆ ದಾರಿ ಕಟ್ಟುತ್ತದೆ ಎಂದು ನೋಡುವ ಕಣ್ಣು ಅವರಲ್ಲಿ ಮೊದಲೇ ಇತ್ತು.

ವಿಮರ್ಶಕರು ಏನೆಂದರು?

ಒಟ್ಟಾರೆ ಮೆಚ್ಚಿದರು. 100ಕ್ಕೆ 80ರ ಆಸುಪಾಸಿನ ಸರಾಸರಿ ಅಂಕ ಬಂತು, ಸಣ್ಣ ತಂಡದ ಆಟಕ್ಕೆ ಇದು ಗೌರವದ ಸ್ಥಾನ. ದಪ್ಪ ಗೆರೆಯ, ಮಕ್ಕಳ ಚಿತ್ರಪುಸ್ತಕದಂಥ ಚಿತ್ರಗಳು, ಪ್ರತಿ ಎಲೆಯ ಮುಖದಲ್ಲೂ ಇರುವ ಗುಣ, ಎಣಿಕೆಯ ಸುತ್ತ ಕಟ್ಟಿದ ಬಿಗಿಯಾದ ನಿಯಮ ಇವೆಲ್ಲ ಹೊಗಳಿಕೆ ಗಳಿಸಿದವು. ಕಷ್ಟದ ಮಟ್ಟ ಹೆಚ್ಚಿದೆ, ಒಂದು ಕ್ಷಣದ ಅಜಾಗ್ರತೆಗೆ ದಂಡ ದೊಡ್ಡದು ಎಂಬುದನ್ನೂ ಅವರು ಮರೆಮಾಚಲಿಲ್ಲ. ಆದರೆ ಹೆಚ್ಚಿನವರ ಬರವಣಿಗೆಯಲ್ಲಿ ಅದು ದೂರಾಗಿ ಕೇಳಿಸದೆ ಎಚ್ಚರಿಕೆಯಾಗಿ ಕೇಳಿಸಿತು.

ಹಾಗಿದ್ದರೆ ಕೊಂಡವರು ಏಕೆ ಮುನಿಸಿಕೊಂಡರು?

ಬಿಡುಗಡೆಯ ಮೊದಲ ದಿನಗಳಲ್ಲಿ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯಲ್ಲಿ ಆಟಗಾರರ ಒಟ್ಟು ಅಭಿಪ್ರಾಯ "ಮಿಶ್ರ" ಎಂಬ ಪಟ್ಟಿಗೆ ಇಳಿಯಿತು. ದೂರುಗಳಲ್ಲಿ ಬಹುಪಾಲು ಒಂದೇ ಜಾಗದ ಸುತ್ತ ಸುತ್ತುತ್ತಿದ್ದವು: ಆಟ ವಿಪರೀತ ಕಷ್ಟ, ಸೋತಾಗ ಏಕೆ ಸೋತೆವೆಂದು ತಿಳಿಯುವುದಿಲ್ಲ, ಒಳ್ಳೆಯ ಎಲೆ ಸಿಕ್ಕದಿದ್ದರೆ ಎಷ್ಟು ಬುದ್ಧಿ ಇದ್ದರೂ ದಾರಿಯಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಎತ್ತಿ ಈ ದೂರುಗಳನ್ನು ತಳ್ಳಿಹಾಕುವುದು ಸುಲಭ. ನಮ್ಮ ಹಿರಿಯರಿಬ್ಬರೂ ಮೊದಲು ಅದನ್ನೇ ಮಾಡಿದರು. ನಾನು ಒಪ್ಪುವುದಿಲ್ಲ. ಈ ಆಟದ ನೆಲ ನಿಜಕ್ಕೂ ಸ್ವಲ್ಪ ಡೊಂಕಾಗಿಯೇ ಇದೆ, ಕಟ್ಟಿದವರು ಬೇಕೆಂದೇ ಹಾಗೆ ಕಟ್ಟಿದ್ದಾರೆ. ಅದು ಡೊಂಕೆಂದು ನರ್ತಕಿಗೆ ಮೊದಲೇ ಹೇಳಿದ್ದರೇ ಎಂಬುದಷ್ಟೇ ಪ್ರಶ್ನೆ.

ಇಲ್ಲಿ ಎರಡು ಕಾರಣಗಳನ್ನು ಬಿಡಿಸಿ ನೋಡಬೇಕು. ಒಂದನೆಯದು, ಚಿತ್ರಗಳು ಕೊಟ್ಟ ಭರವಸೆ ಬೇರೆ, ಆಟ ಕೊಟ್ಟ ಅನುಭವ ಬೇರೆ. ಗುಂಡು ಮುಖದ, ಮುದ್ದಾದ ಪಾತ್ರಗಳನ್ನು ಕಂಡು ಸಂಜೆಯ ಹೊತ್ತು ಹಾಯಾಗಿ ಆಡಬಹುದೆಂದು ಕೊಂಡವನಿಗೆ, ಮೂರನೆಯ ಕಾಳಗದಲ್ಲೇ ನಾಯಕ ಮಣ್ಣುಪಾಲಾದರೆ ಮೋಸ ಹೋದೆ ಎನ್ನಿಸುವುದು ಸಹಜ. ಎರಡನೆಯದು ಇನ್ನೂ ಆಳದ್ದು. ಸ್ಲೇ ದ ಸ್ಪೈರ್‌ನಲ್ಲಿ ವೈರಿ ಈ ಸರದಿಯಲ್ಲಿ ಏನು ಮಾಡಲಿದ್ದಾನೆ ಎಂಬುದು ಅವನ ತಲೆಯ ಮೇಲೆಯೇ ಬರೆದಿರುತ್ತದೆ, ಆ ಒಂದು ಸರದಿಯನ್ನು ಸರಿಯಾಗಿ ಆಡಿದರೆ ಸಾಕು. ವೈಲ್ಡ್‌ಫ್ರಾಸ್ಟ್‌ನಲ್ಲೂ ಎಣಿಕೆಗಳು ಕಣ್ಣಮುಂದೆಯೇ ಇವೆ, ಯಾವುದನ್ನೂ ಬಚ್ಚಿಟ್ಟಿಲ್ಲ. ಆದರೆ ಆರೇಳು ಪಾತ್ರಗಳ ಆರೇಳು ಎಣಿಕೆಗಳು ಒಟ್ಟಿಗೆ ಇಳಿಯುತ್ತಿರುವಾಗ, ಎರಡು ಸರದಿಯ ಆಚೆ ಯಾರು ಯಾರಿಗೆ ಮೊದಲು ಹೊಡೆಯುತ್ತಾರೆ, ಹೊಡೆತ ತಿಂದವನು ಸತ್ತರೆ ಅವನ ಹಿಂದೆ ನಿಂತವನ ಗತಿಯೇನು ಎಂಬುದನ್ನು ಆಟಗಾರನೇ ಮನಸ್ಸಿನಲ್ಲಿ ಬಿಡಿಸಬೇಕು. ಎಲ್ಲವೂ ಕಾಣುತ್ತಿದೆ, ಆದರೆ ಓದಲು ಬರುತ್ತಿಲ್ಲ. ಹೊಸಬನಿಗೆ ಈ ಸ್ಥಿತಿ ಅದೃಷ್ಟದ ಆಟದಂತೆಯೇ ತೋರುತ್ತದೆ. ಹತ್ತಿಪ್ಪತ್ತು ಯಾತ್ರೆ ಮುಗಿಸಿದವನಿಗೆ ಅದೇ ಅಂಕಣ ಗಣಿತದ ಲೆಕ್ಕದಂತೆ ಕಾಣುತ್ತದೆ. ವಿಮರ್ಶಕ ಬರೆಯುವುದು ಈ ಎರಡನೆಯ ದಡಕ್ಕೆ ಹತ್ತಿರ ಬಂದ ಮೇಲೆ, ಕೊಂಡವನು ಮತ ಹಾಕುವುದು ಮೊದಲ ದಡದಲ್ಲಿ ನಿಂತು.

ಗೆದ್ದ ತಂಡವೇ ಮುಂದೆ ವೈರಿಯಾಗುತ್ತದೆ ಎಂಬುದು ನಿಜವೇ?

ನಿಜ. (ಕಥೆಯ ಗುಟ್ಟು ಮೊದಲೇ ತಿಳಿಯಬಾರದು ಎನ್ನುವವರು ಮುಂದಿನ ಪ್ರಶ್ನೆಗೆ ಹೋಗಬಹುದು.) ಕೊನೆಯ ಕಾಳಗವನ್ನು ಗೆದ್ದ ತಂಡ ಹಿಮದ ವಶವಾಗಿ, ಮುಂದಿನ ಯಾತ್ರೆಯ ಕೊನೆಯಲ್ಲಿ ನಿಮಗೇ ಎದುರಾಗಿ ನಿಲ್ಲುತ್ತದೆ. ನೀವು ಕಷ್ಟಪಟ್ಟು ಸಾಣೆ ಹಿಡಿದ ಸಂಗಾತಿಗಳು, ಎಲೆಗಳ ಬಲ ಹೆಚ್ಚಿಸಲು ನೀವೇ ಹಚ್ಚಿದ ತಾಯಿತಗಳು, ಎಲ್ಲವೂ ಆ ಕಡೆ. ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಇದರ ಸೊಗಸು ತಟ್ಟನೆ ಹತ್ತಿತು. ಕಥೆಯಾಗಿ ನೋಡಿದರೆ ಇಡೀ ಆಟದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದೇ. ಆದರೆ ಚೆನ್ನಾಗಿ ಗೆದ್ದವನಿಗೆ ಮುಂದಿನ ಗೆಲುವು ಇನ್ನೂ ದೂರವಾಗುತ್ತದೆ ಎಂದಾಗ ಅದು ಬಹುಮಾನವೋ ದಂಡವೋ ಎಂದು ಆಟಗಾರರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗ ಕೊನೆಯ ಕಾಳಗಕ್ಕೆ ಮುಂಚೆ ಬೇಕೆಂದೇ ತನ್ನ ತಂಡವನ್ನು ಸ್ವಲ್ಪ ದುರ್ಬಲವಾಗಿಟ್ಟು ಗೆಲ್ಲಲು ನೋಡಿ, ಅಲ್ಲೇ ಸೋತು, ಒಂದು ವಾರ ಆ ಆಟದ ಹೆಸರೆತ್ತಲಿಲ್ಲ.

ಸೋಲಿನಲ್ಲಿ ಅದೃಷ್ಟದ ಪಾಲು ಎಷ್ಟು?

ಆಟದಿಂದ ಆಟಕ್ಕೆ ಬೇರೆ. ಆದರೆ ಅದೃಷ್ಟ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ನಮ್ಮದೇ ಕೈಕೆಲಸ ಎಂಬುದಕ್ಕೆ ಒಂದು ಲೆಕ್ಕವನ್ನು ಮೇಷ್ಟರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದು ಇನ್ನೂ ಅಳಿಸಿಲ್ಲ. 10 ಎಲೆಯ ಕಟ್ಟಿನಿಂದ 5 ಎಲೆ ಎತ್ತಿದರೆ, ಜೊತೆಯಾಗಿ ಬಂದರೆ ಮಾತ್ರ ಫಲ ಕೊಡುವ ಎರಡು ಎಲೆಗಳು ಒಂದೇ ಕೈಗೆ ಬೀಳುವ ಸಾಧ್ಯತೆ 9ರಲ್ಲಿ 2, ಅಂದರೆ 100ಕ್ಕೆ ಸುಮಾರು 22. ಸಿಕ್ಕಿದ್ದನ್ನೆಲ್ಲ ಚೆನ್ನಾಗಿದೆಯೆಂದು ಸೇರಿಸುತ್ತಾ ಹೋಗಿ ಕಟ್ಟು 20 ಎಲೆಯದಾದರೆ ಅದೇ ಸಾಧ್ಯತೆ 19ರಲ್ಲಿ 1ಕ್ಕೆ, 100ಕ್ಕೆ ಸುಮಾರು 5ಕ್ಕೆ ಕುಸಿಯುತ್ತದೆ. ಹೊಸಬ ಪ್ರತಿ ಉಡುಗೊರೆಯನ್ನೂ ಬಾಚಿಕೊಳ್ಳುತ್ತಾನೆ, ಆಮೇಲೆ ಬೇಕಾದ ಎಲೆ ಬರಲೇ ಇಲ್ಲವೆಂದು ಹಣೆಬರಹವನ್ನು ಹಳಿಯುತ್ತಾನೆ. ಬೇಡವೆನ್ನುವುದನ್ನು ಕಲಿತವನ ಹಣೆಬರಹ ತಾನಾಗಿ ತಿದ್ದಿಕೊಳ್ಳುತ್ತದೆ.

ಇನ್ನೊಂದು ಲೆಕ್ಕ ಇದರ ವಿರುದ್ಧ ದಿಕ್ಕಿನದು. ಒಂದು ಕಾಳಗವನ್ನು ಗೆಲ್ಲುವ ಸಾಧ್ಯತೆ 100ಕ್ಕೆ 90 ಇದೆಯೆಂದುಕೊಳ್ಳಿ, ಇದು ಉದಾರವಾದ ಲೆಕ್ಕವೇ. ಅಂಥ ಎಂಟು ಕಾಳಗಗಳನ್ನು ಒಂದೂ ತಪ್ಪದೆ ಗೆಲ್ಲುವ ಸಾಧ್ಯತೆ 100ಕ್ಕೆ 43 ಮಾತ್ರ. ಪ್ರತಿ ಕಾಳಗವೂ ನ್ಯಾಯವಾಗಿಯೇ ಇದ್ದು ಇಡೀ ಯಾತ್ರೆ ಅನ್ಯಾಯವೆನ್ನಿಸುವುದು ಹೀಗೆ. ಒಂದೇ ಸೋಲಿಗೆ ಎಲ್ಲವನ್ನೂ ಕಸಿದುಕೊಳ್ಳುವ ಆಟಗಳಿಗೆಲ್ಲ ಈ ಶಾಪ ಅಂಟಿದ್ದೇ.

ಸ್ಟೀಮ್‌ನಲ್ಲಿ "ಮಿಶ್ರ" ಎಂದರೆ ಆಟ ಸಾಧಾರಣವೆಂದು ಅರ್ಥವೇ?

ಅಲ್ಲ, ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಸ್ಟೀಮ್‌ನಲ್ಲಿ ಅಂಕ ಕೊಡುವ ಪದ್ಧತಿಯೇ ಇಲ್ಲ. ಹೆಬ್ಬೆರಳು ಮೇಲೋ ಕೆಳಗೋ ಅಷ್ಟೇ. 100 ಜನರಲ್ಲಿ 40ರಿಂದ 69 ಮಂದಿ ಮೇಲೆತ್ತಿದರೆ ಮಿಶ್ರ, 70 ದಾಟಿದರೆ ಬಹುತೇಕ ಮೆಚ್ಚುಗೆ, 80 ದಾಟಿದರೆ ಹೆಚ್ಚಿನ ಮೆಚ್ಚುಗೆ, ಸಾಕಷ್ಟು ಸಂಖ್ಯೆಯ ಮತಗಳಿದ್ದು 95 ಮುಟ್ಟಿದರೆ ಎಲ್ಲಕ್ಕಿಂತ ಮೇಲಿನ ಪಟ್ಟಿ. ಎಲ್ಲರೂ "ಪರವಾಗಿಲ್ಲ" ಎಂದ ಆಟ ಈ ಪದ್ಧತಿಯಲ್ಲಿ ಮೇಲಿನ ಪಟ್ಟಿಗೇ ಏರಿಬಿಡಬಹುದು, ಅರ್ಧ ಜನ ತಲೆಯ ಮೇಲೆ ಹೊತ್ತು ಇನ್ನರ್ಧ ಜನ ಬೈದ ಆಟ ಮಿಶ್ರದಲ್ಲಿ ಉಳಿಯುತ್ತದೆ. ಮೊದಲ ದಿನಗಳಲ್ಲಿ ವೈಲ್ಡ್‌ಫ್ರಾಸ್ಟ್‌ಗೆ ಬಂದದ್ದು ಎರಡನೆಯ ಬಗೆಯ ಮಿಶ್ರ.

ಮತ ಹಾಕಿದವನು ಎಷ್ಟು ಗಂಟೆ ಆಡಿದ್ದಾನೆ ಎಂಬುದು ಬರಹದ ಪಕ್ಕದಲ್ಲೇ ಇರುತ್ತದೆ. ಅದನ್ನು ನೋಡಿಯೇ ಓದಿ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಹಣ ಹಿಂದಿರುಗಿಸುವ ನಿಯಮ ಸ್ಟೀಮ್‌ನಲ್ಲಿದೆ. ಆದ್ದರಿಂದ ಎರಡು ಗಂಟೆಯೊಳಗೆ ತೀರ್ಮಾನಕ್ಕೆ ಬರುವ ಒತ್ತಡ ಆಟಗಾರನ ಮೇಲೆ ಸಹಜವಾಗಿಯೇ ಇರುತ್ತದೆ. ಇಪ್ಪತ್ತು ಗಂಟೆಯ ನಂತರ ಅರಳುವ ಆಟಕ್ಕೆ ಇದರಿಂದ ನಷ್ಟ. ಹಾಗೆಂದು ನೂರು ಗಂಟೆ ಆಡಿದವನ ಮಾತೇ ವೇದವೂ ಅಲ್ಲ. ಇಷ್ಟವಿಲ್ಲದವನು ನೂರು ಗಂಟೆ ಕುಳಿತಿರುತ್ತಿರಲಿಲ್ಲ, ಉಳಿದವರು ಮೆಚ್ಚಿದವರೇ. ಅಲ್ಲದೆ ಆ ಗಂಟೆಗಳ ಲೆಕ್ಕದಲ್ಲಿ ಆಟವನ್ನು ತೆರೆದಿಟ್ಟು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದ ಹೊತ್ತೂ ಸೇರಿರುತ್ತದೆ. ನನ್ನ ಗಂಟೆಗಳಲ್ಲಂತೂ ಧಾರಾಳವಾಗಿ ಸೇರಿದೆ.

ಮೆಟಾಕ್ರಿಟಿಕ್ ಅಂಕವನ್ನು ಎಷ್ಟು ನಂಬಬಹುದು?

ಒಂದು ಅಂದಾಜಿಗೆ ಸಾಕು. ಹಲವು ಪತ್ರಿಕೆಗಳ ವಿಮರ್ಶೆಯ ಅಂಕಗಳನ್ನು ಸೇರಿಸಿ ಸರಾಸರಿ ತೆಗೆಯುವ ತಾಣ ಮೆಟಾಕ್ರಿಟಿಕ್. ಅದು ಎಲ್ಲ ಪತ್ರಿಕೆಗಳಿಗೂ ಸಮಾನ ತೂಕ ಕೊಡುವುದಿಲ್ಲ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಹೊರಗೆ ಹೇಳುವುದೂ ಇಲ್ಲ. ಅಂಥದೇ ಇನ್ನೊಂದು ತಾಣವಾದ ಓಪನ್‌ಕ್ರಿಟಿಕ್ ಸರಳ ಸರಾಸರಿ ತೆಗೆಯುತ್ತದೆ. ಸಣ್ಣ ಆಟಗಳಿಗೆ ಬರುವ ವಿಮರ್ಶೆಗಳೇ ಕಡಿಮೆ, ಒಬ್ಬರು ಹೆಚ್ಚುಕಡಿಮೆ ಅಂಕ ಕೊಟ್ಟರೂ ಸರಾಸರಿ ಅಲುಗಾಡುತ್ತದೆ. 79 ಮತ್ತು 82ರ ನಡುವೆ ವ್ಯತ್ಯಾಸ ಹುಡುಕಿ ಜಗಳವಾಡಬೇಡಿ.

ಇದೇ ಜಾತಿಯ ಬೇರೆ ಆಟಗಳಿಗೂ ಹೀಗೆ ಆಗಿದೆಯೇ?

ಆಗಿದೆ, ಆದರೆ ಕಾರಣಗಳು ಬೇರೆ. 2022ರ ಡಿಸೆಂಬರ್ 2ರಂದು ಬಂದ ಮಾರ್ವೆಲ್ಸ್ ಮಿಡ್‌ನೈಟ್ ಸನ್ಸ್ ಅತ್ಯುತ್ತಮ ಉದಾಹರಣೆ. ಎಕ್ಸ್‌ಕಾಮ್ ಎಂಬ ಯುದ್ಧತಂತ್ರದ ಆಟಗಳಿಂದ ಹೆಸರಾದ ಫಿರಾಕ್ಸಿಸ್ ಸಂಸ್ಥೆ, ಜೇಕ್ ಸಾಲೊಮನ್ ಅವರ ನೇತೃತ್ವದಲ್ಲಿ ಮಾಟ-ಮಂತ್ರದ ಲೋಕಕ್ಕೆ ಸೂಪರ್‌ಹೀರೋಗಳನ್ನು ತಂದು ಕಾಳಗವನ್ನು ಎಲೆಗಳ ಮೇಲೆ ಕಟ್ಟಿತು. ಮೂವರು ವೀರರು, ಒಬ್ಬೊಬ್ಬರಿಗೆ 8 ಎಲೆ, ಮೂರೂ ಸೇರಿ ಒಂದೇ ಕಟ್ಟು, ಸರದಿಗೆ ಮೂರು ಎಲೆ ಆಡುವ ಅವಕಾಶ. ಗುರಿ ತಪ್ಪುವ ಮಾತೇ ಇಲ್ಲ. ಎಕ್ಸ್‌ಕಾಮ್‌ನಲ್ಲಿ 100ಕ್ಕೆ 95 ಪಾಲು ಖಚಿತವೆಂದು ತೋರಿಸಿ ಗುಂಡು ತಪ್ಪಿಸುತ್ತಿದ್ದ ಆ ಕುಖ್ಯಾತ ಕ್ಷಣಗಳನ್ನು ತೆಗೆದುಹಾಕಿ, ಅದೃಷ್ಟವನ್ನೆಲ್ಲ ಕೈಗೆ ಬರುವ ಎಲೆಗಳೊಳಗೆ ಇಟ್ಟದ್ದು ಜಾಣ ಕೆಲಸ. ವಿಮರ್ಶಕರು ಮೆಚ್ಚಿದರು, ಆಡಿದವರಲ್ಲೂ ಬಹಳ ಜನ ಮೆಚ್ಚಿದರು. ಆದರೆ ಕೊಳ್ಳುವವರೇ ನಿರೀಕ್ಷೆಯಷ್ಟು ಬರಲಿಲ್ಲ. 2021ರಲ್ಲಿ ಆಟವನ್ನು ಮೊದಲ ಸಲ ತೋರಿಸಿದಾಗಲೇ ಎಲೆಗಳನ್ನು ಕಂಡವರು ಇವನ್ನು ದುಡ್ಡು ಕೊಟ್ಟು ಕೊಳ್ಳಬೇಕೇನೋ ಎಂದು ಸಂಶಯಪಟ್ಟಿದ್ದರು, ಹಾಗಿಲ್ಲವೆಂದು ತಯಾರಕರು ಸ್ಪಷ್ಟಪಡಿಸಬೇಕಾಯಿತು. ಅಂದರೆ ವೈಲ್ಡ್‌ಫ್ರಾಸ್ಟ್‌ನಲ್ಲಿ ಜನ ಒಳಗೆ ಬಂದು ಮುನಿಸಿಕೊಂಡರು, ಇಲ್ಲಿ ಬಾಗಿಲಲ್ಲಿ ಎಲೆ ಕಂಡು ಹಿಂದಿರುಗಿದರು.

ಗ್ಲೂಮ್‌ಹೇವನ್ ಮೂರನೆಯ ಬಗೆ. ಐಸಾಕ್ ಚಿಲ್ಡ್ರೆಸ್ ರೂಪಿಸಿದ ಈ ಮೇಜಿನ ಆಟ 2017ರಲ್ಲಿ ಬಂದು, ಬೋರ್ಡ್‌ಗೇಮ್‌ಗೀಕ್ ತಾಣದ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಅದರ ಡಿಜಿಟಲ್ ರೂಪ 2019ರಲ್ಲಿ ಅಪೂರ್ಣವಾಗಿಯೂ 2021ರ ಅಕ್ಟೋಬರಿನಲ್ಲಿ ಪೂರ್ಣವಾಗಿಯೂ ಬಂತು. ಅಲ್ಲಿ ಹೊಡೆತದ ಏರಿಳಿತಕ್ಕೆ 20 ಎಲೆಯ ಬೇರೆಯೇ ಕಟ್ಟಿದೆ. ಮೊದಲಿಗೆ ಅದರಲ್ಲಿ ಒಂದೇ ಒಂದು ಎಲೆ ಹೊಡೆತವನ್ನು ಪೂರ್ತಿ ವ್ಯರ್ಥ ಮಾಡುತ್ತದೆ, ಒಂದೇ ಒಂದು ಎಲೆ ಇಮ್ಮಡಿ ಮಾಡುತ್ತದೆ. ದುರದೃಷ್ಟ ಇದೆ, ಆದರೆ ಎಷ್ಟಿದೆಯೆಂದು ಎಣಿಸಬಹುದು, ಮಟ್ಟ ಏರಿದಂತೆ ಕೆಟ್ಟ ಎಲೆಗಳನ್ನು ಕಿತ್ತುಹಾಕಲೂಬಹುದು. ಎಣಿಸಬಹುದಾದ ದುರದೃಷ್ಟವನ್ನು ಆಟಗಾರರು ಸಹಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ದೂರು ಕೇಳಿ ತಯಾರಕರು ಆಟವನ್ನು ತಿದ್ದಿದ್ದು ಸರಿಯೇ?

ನಮ್ಮ ಗುಂಪು ಎರಡಾಗಿ ಒಡೆದದ್ದು ಇದೊಂದು ಪ್ರಶ್ನೆಗೆ. ಬಿಡುಗಡೆಯ ನಂತರ ತಯಾರಕರು ಕಷ್ಟದ ಬಗೆಗಿನ ಮಾತನ್ನು ಕಿವಿಗೆ ಹಾಕಿಕೊಂಡು ಸಮತೋಲವನ್ನು ತಿದ್ದಿದರು, ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಪರಿಷ್ಕರಣೆಗಳನ್ನು ತಂದರು, ಆಟಗಾರರ ಮತವೂ ಮೆಲ್ಲಗೆ ಮೆಚ್ಚುಗೆಯ ಕಡೆಗೆ ಏರಿತು. ಮೊದಲ ವಾರದಲ್ಲೇ ಗೆದ್ದಿದ್ದ ಒಬ್ಬ ಹುಡುಗ ಮಾತ್ರ ತನ್ನ ಗೆಲುವಿನ ಬೆಲೆ ಇಳಿಯಿತೆಂದು ಇಂದಿಗೂ ಕೊರಗುತ್ತಾನೆ.

ನಾನು ತಿದ್ದಿದ್ದು ಸರಿಯೆಂಬ ಪಕ್ಷ. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಪರಂಪರೆಯನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಸಭಿಕರು "ಒನ್ಸ್ ಮೋರ್" ಎಂದು ಕೂಗಿದರೆ ನಟ ಸತ್ತು ಬಿದ್ದಿದ್ದರೂ ಎದ್ದು ಮತ್ತೊಮ್ಮೆ ಹಾಡುತ್ತಿದ್ದನೆಂದು ಹಿರಿಯರು ಹೇಳುತ್ತಾರೆ. ರಂಗದ ಮೇಲಿನ ಕಲೆ ಎದುರಿಗೆ ಕುಳಿತವರ ಜೊತೆ ಮಾತಾಡುತ್ತಲೇ ಬೆಳೆದದ್ದು. ಆದರೆ ಆ ಮಾತಿಗೆ ಒಂದು ಎಲ್ಲೆಯೂ ಇದೆ. ಸಭಿಕರು ಹಾಡನ್ನು ಮತ್ತೆ ಕೇಳಬಹುದು, ದುರಂತ ನಾಟಕವನ್ನು ಸುಖಾಂತ ಮಾಡೆಂದು ಕೇಳುವಂತಿಲ್ಲ. ವೈಲ್ಡ್‌ಫ್ರಾಸ್ಟ್‌ನವರು ವೈರಿಗಳ ಬಲವನ್ನು ತಿದ್ದಿದರೂ, ಎಣಿಕೆಯ ನಿಯಮವನ್ನೂ ನಾಯಕ ಸತ್ತರೆ ಎಲ್ಲ ಮುಗಿಯಿತೆಂಬ ನಿಯಮವನ್ನೂ ಮುಟ್ಟಲಿಲ್ಲ. ನೆಲ ಈಗಲೂ ಡೊಂಕೇ, ಎಲ್ಲಿ ಡೊಂಕೆಂಬುದು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಎಲೆಯ ಆಟವೆಂದರೆ ಜೂಜಲ್ಲವೇ ಎಂದು ಮನೆಯಲ್ಲಿ ಕೇಳುತ್ತಾರೆ. ಏನು ಹೇಳಲಿ?

ಪಣವಿಲ್ಲ, ಎದುರಾಗಿ ಆಡುವ ಇನ್ನೊಬ್ಬ ಆಟಗಾರನೂ ಇಲ್ಲ, ಒಮ್ಮೆ ಕೊಂಡ ಮೇಲೆ ಎಲೆಗಾಗಿ ಮತ್ತೆ ದುಡ್ಡು ಹಾಕಬೇಕಾಗಿಲ್ಲ ಎಂದು ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಒಂದು ಯಾತ್ರೆ ಅವರಿಗೇ ಆಡಲು ಕೊಡಿ.

ಕನ್ನಡದಲ್ಲಿ ಆಡಬಹುದೇ, ಅಭಿಪ್ರಾಯವನ್ನಾದರೂ ಕನ್ನಡದಲ್ಲಿ ಬರೆಯಬಹುದೇ?

ಇಲ್ಲಿ ಹೇಳಿದ ಆಟಗಳಲ್ಲಿ ಯಾವುದೂ ಕನ್ನಡದಲ್ಲಿಲ್ಲ. ಪ್ರತಿ ಎಲೆಯ ಮೇಲೂ ಎರಡು ಸಾಲು ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಲೇಬೇಕು. ಓಡುವ-ಹಾರುವ ಆಟಗಳಿಗಿಂತ ಇಂಥ ಆಟಗಳಲ್ಲಿ ಭಾಷೆಯ ಗೋಡೆ ಎತ್ತರ. ಕಷ್ಟದ ಆಟವೆಂಬ ದೂರಿನಲ್ಲಿ ಓದಿನ ಕಷ್ಟದ ಪಾಲೂ ಇದ್ದೇ ಇರುತ್ತದೆಂದು ನಮ್ಮ ಮಹಡಿಯ ಅನುಭವದಿಂದ ಹೇಳಬಲ್ಲೆ, ಏಕೆಂದರೆ ಎಲೆಯ ಮೇಲಿನ ಮಾತನ್ನು ಒಬ್ಬರು ಗಟ್ಟಿಯಾಗಿ ಕನ್ನಡದಲ್ಲಿ ಹೇಳತೊಡಗಿದ ಮೇಲೆ ಇಬ್ಬರು ಹೊಸಬರ ಆಟ ಎರಡೇ ವಾರದಲ್ಲಿ ಸುಧಾರಿಸಿತು. ಅಭಿಪ್ರಾಯವನ್ನು ಕನ್ನಡ ಲಿಪಿಯಲ್ಲಿ ಬರೆಯಲು ಅಡ್ಡಿಯಿಲ್ಲ. ಸ್ಟೀಮ್‌ನ ಭಾಷಾಪಟ್ಟಿಯಲ್ಲಿ ಕನ್ನಡ ಇಲ್ಲದಿರುವುದರಿಂದ ಅದನ್ನು ಬೇರೆ ಯಾವುದೋ ಭಾಷೆಯ ಹೆಸರಿನಡಿ ಹಾಕಬೇಕಾಗುತ್ತದೆ. ನಾನು ಹಾಕಿದ್ದು ಇಂಗ್ಲಿಷಿನಡಿ.

ಈಗ ಕೊಳ್ಳಬಹುದೇ?

ಸೋತು ಸೋತು ಕಲಿಯುವ ತಾಳ್ಮೆ ಇದ್ದರೆ ಕೊಳ್ಳಿ. ಈ ಜಾತಿಯ ಆಟವನ್ನು ಎಂದೂ ಮುಟ್ಟದವರು ಮೊದಲು ಸ್ಲೇ ದ ಸ್ಪೈರ್ ಆಡಿ, ಆಮೇಲೆ ಇದಕ್ಕೆ ಬನ್ನಿ. 2024ರಲ್ಲಿ ವೈಲ್ಡ್‌ಫ್ರಾಸ್ಟ್ ಫೋನಿಗೂ ಬಂದಿದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ತೊಡಕಿಲ್ಲದೆ ಓಡುತ್ತದೆ. ಕೊಂಡ ದಿನ ಮತ ಹಾಕಲು ಹೋಗಬೇಡಿ. ನಾನು ನಾಲ್ಕನೆಯ ಸೋಲಿನ ರಾತ್ರಿ ಹೆಬ್ಬೆರಳು ಕೆಳಗೆ ಮಾಡಿದ್ದೆ, ಮೂರು ವಾರದ ಮೇಲೆ ಅದನ್ನು ಮೇಲಕ್ಕೆ ತಿರುಗಿಸಿದೆ.